ಹೋದದ್ದು ಅವಳದು, ಬಂದದ್ದು ಅವನದು

(ತಾಲ್ಲೂಕು ಕೇಂದ್ರವೊಂದರ ಉಪನೋಂದಣಿ ಕಚೇರಿಯ ಎದುರು ಬಹಳ ವರ್ಷಗಳಿಂದ ಪತ್ರ ಬರೆಯುತ್ತ ಬಂದಿರುವ ಹಿರಿಯರು ಒಬ್ಬರು. ಅದೇ ಊರಿನ ಕೋರ್ಟಿನಲ್ಲಿ ವಕೀಲಿ ಮಾಡುವ ಯುವತಿ ಇನ್ನೊಬ್ಬರು. ಸರ್ವರ್ ಕೆಟ್ಟು ನೋಂದಣಿ ನಿಂತುಹೋಗಿದ್ದ ಮಧ್ಯಾಹ್ನ ಇಬ್ಬರೂ ಆಡಿದ ಮಾತು.)

ವಕೀಲೆ: ಸಾರ್, ಇಷ್ಟು ವರ್ಷದಲ್ಲಿ ಎಷ್ಟೋ ಹಕ್ಕು ಬಿಡುಗಡೆ ಪತ್ರ ಬರೆದಿದ್ದೀರಿ. ಅದರಲ್ಲಿ ಅಣ್ಣ ತಂಗಿಗೆ, ಇಲ್ಲಾ ತಮ್ಮ ಅಕ್ಕನಿಗೆ ಜಮೀನು ಬಿಟ್ಟುಕೊಟ್ಟ ಪತ್ರ ಎಷ್ಟಿದೆ?

ಬರಹಗಾರರು: ನೆನಪಿಗೆ ಬರೋದು ಒಂದೇ. ತಮ್ಮ ಬೆಂಗಳೂರಲ್ಲಿ ಒಳ್ಳೆ ಕೆಲಸದಲ್ಲಿದ್ದ. ಅಕ್ಕ ಗಂಡನ್ನ ಕಳಕೊಂಡು ಊರಲ್ಲೇ ಉಳಿದಿದ್ದಳು. ಅವನೇ ಬಂದು ಬರೆದುಕೊಟ್ಟ. ಮಿಕ್ಕಿದ್ದೆಲ್ಲ ಹೆಣ್ಣುಮಕ್ಕಳು ಗಂಡುಮಕ್ಕಳಿಗೆ ಬರೆದುಕೊಟ್ಟದ್ದೇ. ಆದರೆ ಅದನ್ನ ಅನ್ಯಾಯ ಅಂತ ಒಂದೇ ಏಟಿಗೆ ಹೇಳಿಬಿಡಬೇಡಿ. ನೀವು ಕೋರ್ಟಲ್ಲಿ ನೋಡೋದು ಮನಸ್ಸು ಮುರಿದ ಮೇಲೆ ಬರೋರನ್ನ. ನನ್ನ ಹತ್ತಿರ ಬರೋರು ಒಂದೇ ಕಾರಲ್ಲಿ ಬರ್ತಾರೆ. ಅಣ್ಣ ಹೋಟೆಲಲ್ಲಿ ಊಟ ಕೊಡಿಸ್ತಾನೆ. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳು ಒಳಗಿನ ಬೆರಳಚ್ಚು ಯಂತ್ರಕ್ಕೆ ಹತ್ತೋದಿಲ್ಲ. ಆಗ ಅವನೇ ತಂಗಿಯ ಕೈ ಹಿಡಿದು ಒರೆಸಿ ಮತ್ತೆ ಒತ್ತಿಸ್ತಾನೆ. ಅವರ ಮಧ್ಯೆ ಪ್ರೀತಿ ಇದೆ.

ವಕೀಲೆ: ಇಲ್ಲ ಅಂತ ನಾನು ಹೇಳೋದಿಲ್ಲ. ಪ್ರೀತಿ ಇರೋದಕ್ಕೇ ಇದು ಇಷ್ಟು ಕಷ್ಟದ ವಿಷಯ. ದ್ವೇಷದಿಂದ ಕಿತ್ತುಕೊಂಡಿದ್ದರೆ ಅವಳು ಎಂದೋ ಎದ್ದು ನಿಂತಿರೋಳು. ನನ್ನ ಪ್ರಶ್ನೆ ಬೇರೆ. ಪ್ರೀತಿ ಎರಡೂ ಕಡೆ ಇದ್ದ ಮೇಲೆ ಜಮೀನು ಯಾಕೆ ಯಾವತ್ತೂ ಒಂದೇ ಕಡೆಗೆ ಹೋಗುತ್ತೆ?

ಬರಹಗಾರರು: ಕಾನೂನಿನ ಅರಿವಿಲ್ಲದೆ ಸಹಿ ಹಾಕ್ತಾರೆ ಅಂತ ಭಾಷಣ ಮಾಡೋರು ಹೇಳ್ತಾರೆ. ಅದಂತೂ ನಿಜ ಅಲ್ಲ. ಪಾಲಿದೆ ಅಂತ ಹಳ್ಳಿಯ ಅಜ್ಜಿಗೂ ಗೊತ್ತು. ಗೊತ್ತಿರೋದಕ್ಕೇ ಸಹಿ ಕೇಳ್ತಾರೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಅಪ್ಪನ ಜಮೀನು ಮಕ್ಕಳ ಹೆಸರಿಗೆ ಆಗಬೇಕಾದರೆ ಹೆಣ್ಣುಮಕ್ಕಳು ಬರಲಿ ಅಂತ ಯಾರೂ ಅಷ್ಟಾಗಿ ಕೇಳ್ತಿರಲಿಲ್ಲ. ಗಂಡುಮಕ್ಕಳು ಪಾಲು ಮಾಡಿಕೊಂಡು ಹೋಗೋರು, ಮುಗೀತು. ಹೆಣ್ಣುಮಕ್ಕಳು ಸಾಲಾಗಿ ಬಂದು ಈ ಬೆಂಚಿನ ಮೇಲೆ ಕೂರೋಕೆ ಶುರುವಾಗಿದ್ದು ಮಗಳಿಗೂ ಸಮಪಾಲು ಅನ್ನೋ ಕಾನೂನು ಬಂದಮೇಲೆ.

ವಕೀಲೆ: ಅಂದರೆ ಕಾನೂನು ಅವಳಿಗೆ ಪಾಲು ಕೊಟ್ಟಿತು, ಆ ಪಾಲನ್ನ ವಾಪಸು ಕೊಡೋ ಕೆಲಸವನ್ನೂ ಅವಳ ತಲೆ ಮೇಲೇ ಹಾಕಿತು. ಮೊದಲು ಹೊರಗಿಟ್ಟಿದ್ದು ಶಾಸ್ತ್ರ. ಈಗ ತಾನೇ ಹೊರಗೆ ಹೋಗ್ತೀನಿ ಅಂತ ಅವಳ ಕೈಯಲ್ಲೇ ಬರೆಸ್ತೀವಿ. ಶಾಸ್ತ್ರದ ಮೇಲೆ ಸಿಟ್ಟು ಮಾಡಬಹುದಿತ್ತು. ತಾನೇ ಹಾಕಿದ ಸಹಿಯ ಮೇಲೆ ಯಾರು ಸಿಟ್ಟು ಮಾಡ್ತಾರೆ?

ಬರಹಗಾರರು: ಶಾಸ್ತ್ರ ಅಂದಿರಲ್ಲ, ಮಿತಾಕ್ಷರ ಅಂತ ನಮ್ಮ ಪತ್ರಗಳಲ್ಲೂ ಬರುತ್ತೆ.

ವಕೀಲೆ: ಅದನ್ನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲೇ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ. ಹೆಣ್ಣು ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದ ಹಕ್ಕುದಾರಳಲ್ಲ ಅನ್ನೋ ಲೆಕ್ಕ ಆ ಪರಂಪರೆಯದು. ಸ್ತ್ರೀಧನದ ವಿಷಯದಲ್ಲಿ ಅದೇ ವಿಜ್ಞಾನೇಶ್ವರ ಬೇರೆಯವರಿಗಿಂತ ಉದಾರಿ, ಅದನ್ನೂ ಹೇಳಬೇಕು. ಹಾಗೇ ಬದಲಾವಣೆಗೂ ನಮ್ಮಲ್ಲಿ ಹಳೇ ಚರಿತ್ರೆ ಇದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ತಂದಿತು. ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲುಭಾಗ ಅಂತ ಬರೆಯಿತು. ಮಗನಷ್ಟೇ ಮಗಳಿಗೂ ಅಂತ ರಾಜ್ಯ ತಿದ್ದುಪಡಿ ಮಾಡಿದ್ದು 1994ರಲ್ಲಿ, ಜುಲೈ 30ರಿಂದ ಜಾರಿ. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಅನ್ವಯಿಸೋದಿಲ್ಲ ಅಂತ ಗೆರೆ ಎಳೆದರು.

ಬರಹಗಾರರು: ಆ ಗೆರೆ ನನಗೆ ಚೆನ್ನಾಗಿ ನೆನಪಿದೆ. ಒಂದೇ ಮನೆಯಲ್ಲಿ ಹಿರಿಯಕ್ಕನಿಗೆ ಇಲ್ಲ, ಕಿರಿಯವಳಿಗೆ ಉಂಟು. ಲಗ್ನಪತ್ರಿಕೆ ಹುಡುಕಿಕೊಂಡು ತಂದು ತೋರಿಸೋರು.

ವಕೀಲೆ: 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂದಾಗ ಮದುವೆಯ ಗೆರೆ ಹೋಯಿತು. ಆಗ ಇನ್ನೊಂದು ಗೆರೆ ಹುಟ್ಟಿತು, ಆ ದಿನಕ್ಕೆ ಅಪ್ಪ ಬದುಕಿದ್ದನೇ ಇಲ್ಲವೇ ಅಂತ. ಫೂಲಾವತಿ ಅನ್ನೋ ಹೆಣ್ಣುಮಗಳು ಬೆಳಗಾವಿಯಲ್ಲಿ ಪಾಲಿನ ದಾವೆ ಹೂಡಿದ್ದು 1992ರಲ್ಲಿ. ಸುಪ್ರೀಂ ಕೋರ್ಟಿನಲ್ಲಿ ಅದರ ತೀರ್ಪು ಬಂದದ್ದು 2015ರಲ್ಲಿ, ಅದೂ ಅವಳಿಗೆ ವಿರುದ್ಧವಾಗಿ. ದಾನಮ್ಮ ಅನ್ನೋ ಇನ್ನೊಬ್ಬ ಕನ್ನಡತಿಯ ಪ್ರಕರಣದಲ್ಲಿ 2018ರಲ್ಲಿ ಪಾಲು ಸಿಕ್ಕಿತು. ಎರಡು ತೀರ್ಪು ಎರಡು ದಿಕ್ಕಿಗೆ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗಂಟು ಬಿಡಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರೋದು, ಅಪ್ಪ ಬದುಕಿದ್ದನೋ ಇಲ್ಲವೋ ಕೇಳಬೇಕಾಗಿಲ್ಲ ಅಂತ. ಬೆಳಗಾವಿಯ ದಾವೆಯಿಂದ ಲೆಕ್ಕ ಹಾಕಿದರೆ ಇಪ್ಪತ್ತೆಂಟು ವರ್ಷ. ಆವತ್ತು ಹುಟ್ಟಿದ ಮಗು ಮದುವೆಯಾಗಿ ತಾನೂ ಒಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕಿರಬಹುದು.

ಬರಹಗಾರರು: ಅದಕ್ಕೇ ನಾನು ಹೇಳೋದು, ಹೆಣ್ಣುಮಕ್ಕಳ ಲೆಕ್ಕ ದಡ್ಡತನದ್ದಲ್ಲ. ಕೋರ್ಟಿಗೆ ಹೋದರೆ ಸಿಗೋದು ಯಾವಾಗಲೋ, ಕಳಕೊಳ್ಳೋದು ನಾಳೆಯೇ. ತವರು ಹೋಗುತ್ತೆ. ಪಾಲು ಕೇಳಿದ ಹೆಣ್ಣುಮಗಳಿಗೆ ಗೌರಿ ಹಬ್ಬದ ಬಾಗಿನ ನಿಲ್ಲುತ್ತೆ. ಮಗಳ ಮದುವೆಗೆ ಸೋದರಮಾವ ಬರೋದಿಲ್ಲ. ಅವ್ವ ಹಾಸಿಗೆ ಹಿಡಿದರೆ ನೋಡೋಕೆ ಹೋಗಬೇಕು ಅಂದರೂ ಬಾಗಿಲಲ್ಲಿ ನಿಂತು ಯೋಚಿಸಬೇಕು. ಗಂಡ ಕುಡಿದು ಬಡಿದರೆ, ಇಲ್ಲ ಸತ್ತೇಹೋದರೆ ಎಲ್ಲಿಗೆ ಹೋಗ್ತಾಳೆ? ಒಂದೂವರೆ ಎಕರೆಗೆ ತವರನ್ನ ಕಳಕೊಳ್ಳೋದು ಬೇಡ ಅಂತ ಅವಳೇ ತೂಗಿ ನೋಡಿ ಬಿಡ್ತಾಳೆ.

ವಕೀಲೆ: ಅಣ್ಣನಿಗೆ ಈ ತೂಗಾಟವೇ ಇಲ್ಲ ಅಲ್ಲವಾ? ಅವನು ಪಾಲು ತಗೊಂಡರೂ ತವರು ಅವನದೇ, ಬಾಗಿಲು ಅವನದೇ. ಅವಳು ಒಂದನ್ನ ಬಿಟ್ಟರೆ ಇನ್ನೊಂದು. ಹಾಗೆ ಇಟ್ಟವರು ಯಾರು ಅನ್ನೋದು ಒಂದು ಮಾತು. ಇನ್ನೊಂದು ಮಾತು, ಅವಳು ಅಷ್ಟು ಬೆಲೆ ತೆತ್ತು ಉಳಿಸಿಕೊಂಡ ತವರು ಆಪತ್ತಿನಲ್ಲಿ ಅವಳನ್ನ ಹಿಡಿಯುತ್ತಾ? ನನ್ನ ಹತ್ತಿರ ಬರ್ತಾರೆ ಸಾರ್, ಎರಡು ಮಕ್ಕಳನ್ನ ಕಟ್ಟಿಕೊಂಡು ಗಂಡನ ಮನೆ ಬಿಟ್ಟು ಬಂದವರು. ಮೊದಲ ವಾರ ಅಣ್ಣ ಕಣ್ಣೀರು ಹಾಕ್ತಾನೆ, ನಿಜವಾದ ಕಣ್ಣೀರೇ. ಎರಡನೇ ತಿಂಗಳಿಗೆ ಹೊಂದಿಕೊಂಡು ಹೋಗಮ್ಮ ಅಂತಾನೆ. ಮಕ್ಕಳ ಸ್ಕೂಲು ಯಾವ ಊರಲ್ಲಿ, ಹಾಸಿಗೆ ಯಾವ ಕೋಣೆಯಲ್ಲಿ, ಗ್ಯಾಸು ಯಾರ ಲೆಕ್ಕದಲ್ಲಿ? ಆ ಮನೆಯಲ್ಲಿ ಅವಳು ಇರೋದು ಅಣ್ಣನ ದಯದಿಂದ. ಬರೆದುಕೊಟ್ಟ ದಿನವೇ ಅದು ತೀರ್ಮಾನ ಆಗಿತ್ತು.

ಬರಹಗಾರರು: ಎಲ್ಲ ಅಣ್ಣಂದಿರೂ ಹಾಗಲ್ಲ.

ವಕೀಲೆ: ಅಲ್ಲ. ಒಳ್ಳೆಯ ಅಣ್ಣ ಸಿಕ್ಕರೆ ಬದುಕು, ಸಿಗದಿದ್ದರೆ ಇಲ್ಲ ಅನ್ನೋ ಸ್ಥಿತಿಗೆ ಯಾವ ಗಂಡಸನ್ನಾದರೂ ನಾವು ಬಿಡ್ತೀವಾ? ಪ್ರದೀಪ್ ಪಂಡಾ, ಬೀನಾ ಅಗರ್ವಾಲ್ ಅನ್ನೋ ಇಬ್ಬರು ತಿರುವನಂತಪುರಂ ಜಿಲ್ಲೆಯಲ್ಲಿ ಒಂದು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಜಮೀನೂ ಇಲ್ಲದ, ಮನೆಯೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನ ಕೈಯಲ್ಲಿ ಏಟು ತಿಂದವರು. ಜಮೀನು ಮಾತ್ರ ಇದ್ದವರಲ್ಲಿ 18, ಮನೆ ಮಾತ್ರ ಇದ್ದವರಲ್ಲಿ 10. ಎರಡೂ ಇದ್ದವರಲ್ಲಿ 7. ಅವಳು ಆ ಜಮೀನನ್ನ ಉಳಬೇಕಾಗಿಲ್ಲ, ಮಾರಬೇಕಾಗಿಲ್ಲ. ಹೋಗೋಕೆ ಒಂದು ಜಾಗ ಇದೆ ಅಂತ ಗಂಡನಿಗೆ ಗೊತ್ತಿದ್ದರೆ ಅಷ್ಟೇ ಸಾಕಾಗುತ್ತೆ.

ಬರಹಗಾರರು: ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಸರಿ, ಒಪ್ಪೋಣ. ಆದರೂ ನನ್ನ ಕಡೆಯ ಒಂದು ಮಾತು ಕೇಳಿ, ಇದು ನಾನು ಬಹಳ ಯೋಚಿಸಿರೋದು. ಪ್ರತಿ ಮನೆಯಲ್ಲೂ ಮಗಳು ಬಿಟ್ಟು ಹೋಗ್ತಾಳೆ. ಅದೇ ಮನೆಗೆ ಸೊಸೆ ಬರ್ತಾಳೆ. ಮಗಳು ಇಲ್ಲಿ ಬಿಟ್ಟ ಪಾಲಿಗೆ ಬದಲು ಅಲ್ಲಿ ಅವಳ ಗಂಡನಿಗೆ ಅವನ ಅಕ್ಕತಂಗಿಯರು ಬಿಟ್ಟ ಪಾಲು ಸೇರಿರುತ್ತೆ. ಇಲ್ಲಿ ಒಂದೂವರೆ ಎಕರೆ ಹೋಯಿತು, ಅಲ್ಲಿ ಒಂದೂವರೆ ಎಕರೆ ಬಂತು. ಯಾರಿಗೂ ನಷ್ಟ ಇಲ್ಲ. ಊರಿಂದೂರಿಗೆ ಹೋದ ಹೆಣ್ಣು ಇಲ್ಲಿಯ ಹೊಲ ನೋಡಿಕೊಳ್ಳೋದಕ್ಕಾಗೋದಿಲ್ಲ. ಜಮೀನು ತುಂಡಾಗಬಾರದು ಅಂತ ಹಿರಿಯರು ಮಾಡಿಕೊಂಡ ಏರ್ಪಾಡು ಅಂತ ನನಗೆ ಅನ್ನಿಸಿತ್ತು.

ವಕೀಲೆ: ತುಂಡಾಗುತ್ತೆ ಅನ್ನೋ ಹೆದರಿಕೆ ನಾಲ್ಕು ಗಂಡುಮಕ್ಕಳಿದ್ದಾಗ ಯಾರಿಗೂ ಬಾರದು ಸಾರ್. ಅದು ಹಾಗಿರಲಿ. ನಿಮ್ಮ ಲೆಕ್ಕಕ್ಕೆ ಬರ್ತೀನಿ, ಎಲ್ಲರೂ ಹೇಳೋ ಲೆಕ್ಕ ಅದೇ. ಪಹಣಿಯ ಒಂಬತ್ತನೇ ಕಾಲಂ ನೋಡಿ ಹೇಳಿ. ಹೋದ ಒಂದೂವರೆ ಎಕರೆ ಯಾರದು?

ಬರಹಗಾರರು: ಮಗಳದು.

ವಕೀಲೆ: ಬಂದ ಒಂದೂವರೆ ಎಕರೆ ಯಾರ ಹೆಸರಿಗೆ ಬಂತು?

ಬರಹಗಾರರು: ಗಂಡನ ಹೆಸರಿಗೆ.

ವಕೀಲೆ: ಹೋದದ್ದು ಅವಳದು, ಬಂದದ್ದು ಅವನದು. ಮನೆ ಮನೆ ಲೆಕ್ಕ ನೋಡಿದರೆ ಸರಿಹೋಗುತ್ತೆ, ಯಾಕೆಂದರೆ ಮನೆ ಅಂದರೆ ಗಂಡಸು ಅಂತ ನಾವು ಮೊದಲೇ ಬರೆದುಕೊಂಡಿದ್ದೀವಿ. ಹೆಣ್ಣಿನ ಲೆಕ್ಕ ನೋಡಿದರೆ ಎರಡು ಕಡೆಯೂ ಸೊನ್ನೆ. ಇದರಲ್ಲಿ ಇನ್ನೊಂದು ಮಾತಿದೆ, ಅದು ನನ್ನ ಮನಸ್ಸನ್ನ ಬಹಳ ಕೊರೆಯುತ್ತೆ. ತವರಿನಲ್ಲಿ ಸಹಿ ಹಾಕಿ ಬಂದ ಹೆಣ್ಣು ಗಂಡನ ಮನೆಯಲ್ಲಿ ಏನು ಮಾಡಬೇಕು? ತನ್ನ ಮಕ್ಕಳಿಗೆ ಏನಾದರೂ ಉಳೀಬೇಕು ಅಂದರೆ ಗಂಡನ ಪಾಲು ದೊಡ್ಡದಾಗಬೇಕು. ಅದು ದೊಡ್ಡದಾಗೋದು ನಾದಿನಿಯರು ಸಹಿ ಹಾಕಿದರೆ. ಹಾಗಾಗಿ ಗಂಡನಿಗೆ ಹೇಳೋಳು ಅವಳೇ. ನಿಮ್ಮ ತಂಗೀರ ಹತ್ತಿರ ಬೇಗ ಬರೆಸಿಕೊಳ್ಳಿ, ನಾನು ನಮ್ಮಣ್ಣಂಗೆ ಬರೆದುಕೊಟ್ಟಿಲ್ಲವಾ ಅಂತ.

ಬರಹಗಾರರು: ಈ ಮಾತನ್ನ ನಾನು ಇದೇ ಬೆಂಚಿನ ಮೇಲೆ ಕೇಳಿದ್ದೀನಿ. ಅದೇ ಧಾಟಿಯಲ್ಲಿ.

ವಕೀಲೆ: ಅತ್ತಿಗೆ ನಾದಿನಿ ಜಗಳ ಅಂತ ಊರೆಲ್ಲ ಮಾತಾಡುತ್ತೆ. ಹೆಣ್ಣಿಗೆ ಹೆಣ್ಣೇ ಶತ್ರು ಅಂತ ನ್ಯಾಯ ಹೇಳೋರು ಕೈ ತೊಳಕೊಳ್ತಾರೆ. ಆದರೆ ಇಬ್ಬರೂ ಅದೇ ಪತ್ರದ ಎರಡು ಬದಿಯಲ್ಲಿ ನಿಂತವರು. ಒಂದು ಮನೆಗೆ ಅವಳು ನಾದಿನಿ, ಇನ್ನೊಂದು ಮನೆಗೆ ಅವಳೇ ಅತ್ತಿಗೆ. ನಾದಿನಿಯಾಗಿ ಕಳಕೊಂಡದ್ದನ್ನ ಅತ್ತಿಗೆಯಾಗಿ ವಸೂಲಿ ಮಾಡೋಕೆ ಹೋಗ್ತಾಳೆ, ಅದೂ ಅವಳ ಕೈಗೆ ಬರೋದಿಲ್ಲ. ನೀವು ಕೇಳಬಹುದು, ಅಸಮಾನತೆ ತಲೆಮಾರಿಂದ ತಲೆಮಾರಿಗೆ ಹೇಗೆ ಹೋಗುತ್ತೆ ಅಂತ. ಗಂಡಸರೆಲ್ಲ ಸೇರಿ ಸಂಚು ಮಾಡಬೇಕಾಗಿಲ್ಲ. ಒಬ್ಬ ಹೆಣ್ಣಿಗೆ ಆದ ನಷ್ಟವನ್ನ ತುಂಬಿಕೊಳ್ಳೋಕೆ ಇನ್ನೊಬ್ಬ ಹೆಣ್ಣಿನ ನಷ್ಟವೇ ದಾರಿ ಅನ್ನೋ ಹಾಗೆ ಕಟ್ಟಿಟ್ಟರೆ ಸಾಕು. ಆಮೇಲೆ ಅದನ್ನ ಹೆಂಗಸರೇ ಎಳಕೊಂಡು ಹೋಗ್ತಾರೆ.

ಬರಹಗಾರರು: ಅತ್ತೆಯೂ ಸೇರಿಕೊಳ್ತಾಳೆ. ಗಂಡ ಸತ್ತ ಮೇಲೆ ಆಕೆಗೂ ಒಂದು ಪಾಲಿರುತ್ತೆ. ಮಗನ ಹೆಸರಿಗೆ ಬರೆದು ಕೂತುಕೊಳ್ತಾಳೆ. ಯಾಕವ್ವ, ನಿನ್ನದು ನೀನು ಇಟ್ಟುಕೊ ಅಂದರೆ, ಕೊನೆಗೆ ಬಾಯಿಗೆ ನೀರು ಬಿಡೋನು ಅವನೇ ಅಲ್ಲವಾ ಸ್ವಾಮಿ ಅಂತಾಳೆ. ಇದನ್ನ ನೀವು ಹೇಗೆ ತಪ್ಪು ಅಂತೀರಿ? ನೋಡಿಕೊಳ್ಳೋನಿಗೆ ಆಸ್ತಿ. ಮುಪ್ಪಿನಲ್ಲಿ ಅಪ್ಪ ಅವ್ವನ್ನ ನೋಡಿಕೊಳ್ಳೋನು ಮಗ.

ವಕೀಲೆ: ಮಗ ನೋಡಿಕೊಳ್ತಾನೆ ಅಂತೀವಿ. ಗಂಜಿ ಕುಡಿಸೋದು ಯಾರು? ಬೆಡ್‌ಪ್ಯಾನ್ ತೆಗೆಯೋದು, ರಾತ್ರಿ ಎದ್ದು ಮಗ್ಗುಲು ಬದಲಿಸೋದು?

ಬರಹಗಾರರು: ಸೊಸೆ. ಮಗಳು ಹತ್ತಿರದ ಊರಲ್ಲಿದ್ದರೆ ಮಗಳು.

ವಕೀಲೆ: ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ದೇಶದ ಜನ ದಿನದ ಸಮಯ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸು ದಿನಕ್ಕೆ 299 ನಿಮಿಷ ಅದರಲ್ಲಿ ಕಳೀತಾಳೆ, ಗಂಡಸು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕೋ ಗಂಡಸರ ಲೆಕ್ಕ ಮಾತ್ರ. ಹಾಗೆ ಕೈಹಾಕೋರೇ ನೂರಕ್ಕೆ 26 ಜನ. 2024ರಲ್ಲಿ ಮತ್ತೆ ನೋಡಿದಾಗ 289, 88. ಸೇವೆ ಮಾಡಿದವರಿಗೆ ಆಸ್ತಿ ಅನ್ನೋದೇ ನಿಯಮ ಆಗಿದ್ದರೆ ಈ ದೇಶದ ಜಮೀನೆಲ್ಲ ಸೊಸೆಯರ ಹೆಸರಲ್ಲಿ ಇರಬೇಕಾಗಿತ್ತು. ಸೇವೆ ಸೊಸೆಯದು, ಹೆಸರು ಮಗನದು. ಇದನ್ನ ನೋಡಿಕೊಂಡೇ ಆ ಮನೆಯ ಹುಡುಗಿ ಬೆಳೀತಾಳೆ. ಮುಪ್ಪಿಗೆ ಆಸರೆ ಬೇಕು ಅಂದರೆ ಗಂಡುಮಗು ಆಗಬೇಕು ಅಂತ ಅವಳೂ ಕಲೀತಾಳೆ. ಯಾರೂ ಪಾಠ ಮಾಡೋದಿಲ್ಲ, ಮನೆಯ ನಡೆಯೇ ಪಾಠ.

ಬರಹಗಾರರು: ಮದುವೆಗೆ ಖರ್ಚು ಮಾಡಿದ್ದು ಪಾಲಿನಲ್ಲೇ ಲೆಕ್ಕ ಅಂತಾರಲ್ಲ?

ವಕೀಲೆ: ಛತ್ರ, ಊಟ, ವಾಲಗ ಇವು ಅವಳ ಆಸ್ತಿ ಹೇಗಾಗುತ್ತೆ? ಚಿನ್ನವೂ ಗಂಡನ ಸಾಲಕ್ಕೆ ಅಡ ಹೋಗುತ್ತೆ. ಅಣ್ಣನ ಮದುವೆಗೂ ಖರ್ಚಾಗಿರುತ್ತೆ, ಅದನ್ನ ಯಾರೂ ಅವನ ಪಾಲಿನಲ್ಲಿ ಕಳೆಯೋದಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಮಾತು ಬೇಡ.

ಬರಹಗಾರರು: ಇನ್ನೊಂದು ಮಾತು ಹಳ್ಳಿಯಲ್ಲಿ ಗಟ್ಟಿಯಾಗಿ ಹೇಳ್ತಾರೆ. ಮಗಳಿಗೆ ಕೊಟ್ಟರೆ ಅಳಿಯನಿಗೆ ಕೊಟ್ಟ ಹಾಗೆ. ಜಮೀನು ಬೇರೆ ಮನೆತನಕ್ಕೆ ಹೋಗುತ್ತೆ. ಇದನ್ನ ಅಲ್ಲಗಳೆಯೋಕೆ ಆಗುತ್ತಾ?

ವಕೀಲೆ: ಅಪ್ಪ ಅವ್ವನಿಂದ ವಾರಸಾಗಿ ಬಂದ ಜಮೀನಿನ ಮಟ್ಟಿಗೆ ಆಗುತ್ತೆ, ಮಕ್ಕಳಿಲ್ಲದೆ ಸತ್ತರೆ ಅದು ಅಪ್ಪನ ವಾರಸುದಾರರಿಗೇ ವಾಪಸು. ಆದರೆ ಅವಳು ತಾನೇ ದುಡಿದದ್ದನ್ನ ಬೇರೆ ಮನೆತನಕ್ಕೆ ಅಂತ ಕಾನೂನೇ ಬರೆದಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಓದಿ. ವಿಲ್ ಬರೆಯದೆ ಸತ್ತ ಹೆಂಗಸಿನ ಸ್ವಂತ ಸಂಪಾದನೆ ಮೊದಲು ಗಂಡ ಮಕ್ಕಳಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಾಯಿ ತಂದೆಯ ಸರದಿ ಅದಾದ ಮೇಲೆ. ಒಬ್ಬಳು ಮದುವೆಯಾಗಿ ಮೂರೇ ತಿಂಗಳಿಗೆ ಗಂಡನ್ನ ಕಳಕೊಂಡಳು. ಅತ್ತೆಮನೆಯವರು ಅವಳನ್ನ ಹೊರಗೆ ಹಾಕಿದರು. ತವರಿಗೆ ಬಂದು ಓದಿ, ನೌಕರಿ ಹಿಡಿದು ದುಡ್ಡು ಕೂಡಿಟ್ಟಳು. ಅವಳು ಸತ್ತಾಗ ಆ ದುಡ್ಡು ಓದಿಸಿದ ತಾಯಿಗೆ ಹೋಗಬೇಕೋ, ಹೊರಗೆ ಹಾಕಿದ ಅತ್ತೆಮನೆಯವರಿಗೋ? 2009ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆ ಇರೋದೇ ಹೀಗೆ ಅಂತ ಅತ್ತೆಮನೆಯ ಕಡೆಗೆ ಕೊಟ್ಟಿತು. ಗಂಡಸು ಸತ್ತರೆ ಅವನ ಆಸ್ತಿ ಹೆಂಡತಿಯ ಅಣ್ಣತಮ್ಮಂದಿರಿಗೆ ಹೋಗೋ ಕಲಂ ಎಲ್ಲಾದರೂ ಇದೆಯಾ?

ಬರಹಗಾರರು: ಇಲ್ಲ. ಹೀಗೆ ಹೇಳೋದಾದರೆ ಉಳುವವರ ಕಾಯ್ದೆಯನ್ನೂ ಹೇಳಬೇಕು. 1974ರಲ್ಲಿ ಗೇಣಿದಾರರಿಗೆ ಜಮೀನು ಅಂತ ಆದಾಗ ಏಳನೇ ನಂಬರ್ ಫಾರಂ ತುಂಬಿಸೋಕೆ ಜನ ಹೊತ್ತು ಮೂಡೋ ಮೊದಲೇ ಬರೋರು. ನಾನಿನ್ನೂ ನಮ್ಮ ತಂದೆಯ ಕೈಕೆಳಗೆ ಕಲೀತಿದ್ದ ಹುಡುಗ. ಎಂಥ ಸಂಭ್ರಮ ಅದು! ಒಡೆಯರ ಎದುರು ಚಪ್ಪಲಿ ಬಿಟ್ಟು ನಿಲ್ತಿದ್ದ ಮನುಷ್ಯ ಟ್ರಿಬ್ಯೂನಲ್ ಮುಂದೆ ಎದೆಯೆತ್ತಿ ನಿಂತ. ಆ ಕಾಯ್ದೆಯನ್ನ ನಾನು ಇವತ್ತೂ ಕೈಮುಗಿದು ನೆನೀತೀನಿ. ಆದರೆ ಅರ್ಜಿದಾರ ಅಂತ ಇದ್ದ ಕಡೆ ನಾವು ಬರೆದದ್ದು ಗಂಡಸಿನ ಹೆಸರು. ನಾಟಿ ಹಾಕಿದವಳು, ಕಳೆ ಕಿತ್ತವಳು ಹೊರಗೆ ಮಗು ಎತ್ತಿಕೊಂಡು ನಿಂತಿರೋಳು. ಅವಳ ಹೆಸರೂ ಬರೆಯೋಣ ಅಂತ ಯಾರ ಬಾಯಿಂದಲೂ ಬರಲಿಲ್ಲ.

ವಕೀಲೆ: ಆ ಕಾಯ್ದೆಯಲ್ಲಿ ಕುಟುಂಬ ಅಂದರೆ ಯಾರು ಅಂತ ಕೊಟ್ಟಿರೋದನ್ನ ನೋಡಿದ್ದೀರಾ? ಗಂಡ, ಹೆಂಡತಿ, ವಯಸ್ಸಿಗೆ ಬಾರದ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ಹದಿನೆಂಟು ತುಂಬಿದ ಮಗ ಭೂಮಿತಿಯ ಲೆಕ್ಕದಲ್ಲಿ ಬೇರೆ ಮನುಷ್ಯ. ಮಗಳಿಗೆ ನಲವತ್ತಾಗಿದ್ದರೂ ಮದುವೆಯಾಗುವ ತನಕ ಅಪ್ಪನ ಲೆಕ್ಕದೊಳಗೇ. ಬಡವನಿಗೆ ನ್ಯಾಯ ಕೊಡಬೇಕು ಅಂತ ಹೊರಟವರೇ ಬರೆದ ಕಾಯ್ದೆ ಇದು. ಅವರಿಗೆ ಹೆಣ್ಣಿನ ಮೇಲೆ ಹಗೆ ಇರಲಿಲ್ಲ, ಅವಳನ್ನ ಬೇರೆಯಾಗಿ ನೋಡೋ ಅಭ್ಯಾಸವೇ ಇರಲಿಲ್ಲ. 2015–16ರ ಕೃಷಿ ಗಣತಿಯಲ್ಲೂ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಹದಿನಾಲ್ಕರ ಆಸುಪಾಸು. ಅದರ ಫಲ ನಿಮಗೇ ಗೊತ್ತು. ಸೊಸೈಟಿಯ ಬೆಳೆಸಾಲ, ಬೆಳೆ ವಿಮೆ, ಕಿಸಾನ್ ಸಮ್ಮಾನ್ ದುಡ್ಡು ಎಲ್ಲಕ್ಕೂ ಮೊದಲು ಕೇಳೋದು ಪಹಣಿ.

ಬರಹಗಾರರು: ದಕ್ಷಿಣ ಕನ್ನಡದ ಕಡೆ ಅಳಿಯ ಸಂತಾನ ಇತ್ತಲ್ಲ. ಅಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದಲೇ ಇಳೀತಿತ್ತು.

ವಕೀಲೆ: ಇತ್ತು. ಮನೆ ತಾಯಿಯ ಕವಲಿನದು, ಗಂಡ ಸತ್ತರೆ ಅವಳಿಗೆ ಮನೆ ತಪ್ಪುವ ಭಯ ಇಲ್ಲ. ಎಷ್ಟೋ ಮನೆಗಳಲ್ಲಿ ಯಜಮಾನಿಕೆ ಹೆಂಗಸಿನ ಕೈಯಲ್ಲೂ ಇತ್ತು. ಹೆಚ್ಚಿನ ಕಡೆ ವ್ಯವಹಾರ ಮಾಡ್ತಿದ್ದದ್ದು ಸೋದರಮಾವ, ಅದೂ ನಿಜ. ಆದರೆ ಅಲ್ಲಿ ಹೊಲ ಹಾಳುಬೀಳಲಿಲ್ಲ, ಮನೆತನ ಮುರಿಯಲಿಲ್ಲ, ದೈವಕ್ಕೆ ಪೂಜೆ ನಿಲ್ಲಲಿಲ್ಲ. ಹೆಣ್ಣಿನ ಹೆಸರಲ್ಲಿ ಆಸ್ತಿ ಇದ್ದರೆ ಲೋಕ ತಲೆಕೆಳಗಾಗುತ್ತೆ ಅನ್ನೋರಿಗೆ ಇದೇ ರಾಜ್ಯದ ಒಂದು ಮೂಲೆಯಲ್ಲಿ ಶತಮಾನಗಟ್ಟಲೆ ಉತ್ತರ ಇತ್ತು.

ಬರಹಗಾರರು: ಹಾಗಾದರೆ ಈ ಮೂವತ್ತು ವರ್ಷದ ಕಾನೂನಿನಿಂದ ಏನೂ ಆಗಲಿಲ್ಲ ಅಂತೀರಾ?

ವಕೀಲೆ: ಆಗಿದೆ. ಕರ್ನಾಟಕ, ಮಹಾರಾಷ್ಟ್ರದ ಮನೆಗಳನ್ನೇ ನೋಡಿ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೆ ಜಮೀನು ಸಿಗೋದು ಹೆಚ್ಚಾಗಿದೆ, ಮದುವೆಯ ವಯಸ್ಸು ಮುಂದೆ ಹೋಗಿದೆ, ಓದು ಹೆಚ್ಚಾಗಿದೆ. ಮಗನ ಸಮಕ್ಕೆ ಮಾತ್ರ ಬಂದಿಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತೆ. ಬೇರೆ ಅರ್ಥಶಾಸ್ತ್ರಜ್ಞರು ಇದೇ ತಿದ್ದುಪಡಿಗಳ ಇನ್ನೊಂದು ಮುಖ ಕಂಡರು. ಮೊದಲ ಮಗು ಹೆಣ್ಣಾದ ಮನೆಗಳಲ್ಲಿ ಎರಡನೆಯದೂ ಹೆಣ್ಣಾಗದಂತೆ ಮಾಡೋದು ಹೆಚ್ಚಾಯಿತು ಅಂತ. ಮಗಳು ಹುಟ್ಟಿದರೆ ಜಮೀನು ಹೋಗುತ್ತೆ ಅನ್ನೋ ಲೆಕ್ಕ ಆಸ್ಪತ್ರೆಯ ಕೋಣೆಗೆ ಹೋಯಿತು.

ಬರಹಗಾರರು: ಇದು ನಿಜವಾ?

ವಕೀಲೆ: ಮಗಳಿಗೆ ಸಮಪಾಲು ಅಂತ ನಮ್ಮ ರಾಜ್ಯ ಬರೆದದ್ದು 1994. ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ ಸಂಸತ್ತು ಕಾಯ್ದೆ ಮಾಡಿದ್ದೂ 1994. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ಕ್ಕೆ 946 ಆಯಿತು, 2011ಕ್ಕೆ 948. ಇಳಿದದ್ದಕ್ಕೆಲ್ಲ ಜಮೀನೊಂದೇ ಕಾರಣ ಅಂತ ನಾನು ಹೇಳೋದಿಲ್ಲ, ಸ್ಕ್ಯಾನಿಂಗ್ ಯಂತ್ರ ಊರೂರಿಗೆ ಬಂದದ್ದೂ ಆ ಹತ್ತು ವರ್ಷದಲ್ಲೇ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ಮಾಡ್ತಿದ್ದದ್ದು ಹೊರಗೆ ಬಂತು. ಕಾವೇರಿ ನೀರು ಹರಿಯೋ ನೆಲ, ಕಬ್ಬು ಬೆಳೆಯೋ ನೆಲ, ಎಕರೆಗೆ ಬೆಲೆ ಇರೋ ನೆಲ. ಅಂಥ ಕಡೆ ಹೆಣ್ಣುಮಗು ಬೇಡವಾಗೋದನ್ನ ಅನಕ್ಷರತೆ, ಬಡತನ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ. ಮಗಳು ಸಹಿ ಹಾಕಿ ಬಿಟ್ಟುಕೊಡ್ತಾಳೆ ಅನ್ನೋ ಭರವಸೆ ಇದ್ದರೆ ಅವಳನ್ನ ಪ್ರೀತಿಸಬಹುದು. ಕೇಳಬಹುದು ಅನ್ನೋ ಅನುಮಾನ ಬಂದರೆ ಹುಟ್ಟೋದೇ ಬೇಡ. ಅಂಥ ಪ್ರೀತಿಗೆ ಎಷ್ಟು ಬೆಲೆ ಕೊಡಬೇಕು ನಾವು?

ಬರಹಗಾರರು: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಆದರೂ ಆ ಕಾರಲ್ಲಿ ಬರೋ ಅಣ್ಣತಂಗಿಯರ ಪ್ರೀತಿ ಸುಳ್ಳು ಅಂತ ನಾನು ಒಪ್ಪಲಾರೆ.

ವಕೀಲೆ: ಸುಳ್ಳಲ್ಲ. ಅದಕ್ಕೆ ಒಂದು ಸಲವಾದರೂ ಪರೀಕ್ಷೆ ಆಗಲಿ ಅನ್ನೋದು ನನ್ನ ಮಾತು. ಅಪ್ಪ ಸತ್ತು ಹನ್ನೊಂದು ದಿನಕ್ಕೆ, ಮನೆಯಲ್ಲಿ ಇನ್ನೂ ನೆಂಟರಿರುವಾಗ, ಕಣ್ಣೀರಿನ ಮಧ್ಯೆ ಪತ್ರ ತಯಾರಾಗುತ್ತೆ. ಅವಳಿಗೆ ಸರ್ವೆ ನಂಬರು ಗೊತ್ತಿರೋದಿಲ್ಲ, ಎಷ್ಟು ಗುಂಟೆ ಗೊತ್ತಿರೋದಿಲ್ಲ, ರಸ್ತೆ ಪಕ್ಕಕ್ಕೆ ಬಂದು ಬೆಲೆ ಏನಾಗಿದೆ ಗೊತ್ತಿರೋದಿಲ್ಲ. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ, ಓದಿ ತಿಳಿದುಕೊಂಡು ಅಂತ ನೀವು ಬರೀತೀರಿ.

ಬರಹಗಾರರು: ಹಾಗೆ ಬರೀಬೇಕು, ಅದು ಪತ್ರದ ಕ್ರಮ.

ವಕೀಲೆ: ಬರೀರಿ. ಬರೆದದ್ದು ನಿಜ ಆಗೋ ಹಾಗೂ ಮಾಡಿ. ಷೆಡ್ಯೂಲನ್ನ ಅವಳ ಎದುರು ಗಟ್ಟಿಯಾಗಿ ಓದಿ. ಒಟ್ಟು ವಿಸ್ತೀರ್ಣ ಇಷ್ಟು, ನಿನ್ನ ಪಾಲು ಇಷ್ಟು, ಸರ್ಕಾರದ ಮಾರ್ಗಸೂಚಿ ಬೆಲೆಯಲ್ಲೇ ಇಷ್ಟಾಗುತ್ತೆ ಅಂತ ಹೇಳಿ. ಬಿಡಲೇಬೇಕು ಅಂತಿಲ್ಲ, ವಿಭಾಗ ಪತ್ರವನ್ನೂ ಮಾಡಬಹುದು, ಖಾತೆ ಜಂಟಿಯಾಗಿಯೂ ಇರಬಹುದು, ಉಳೋನು ಅಣ್ಣನೇ ಉಳಲಿ ಅಂತ ಹೇಳಿ. ಒಂದು ವಾರ ಬಿಟ್ಟು ಬಾ ಅನ್ನಿ. ಅಷ್ಟು ಕೇಳಿಯೂ ಬಿಟ್ಟುಕೊಟ್ಟರೆ ಆಗ ಅದು ಅವಳು ಕೊಟ್ಟದ್ದು.

ಬರಹಗಾರರು: ಹೇಳೋದು ಸುಲಭ. ಪತ್ರದ ದುಡ್ಡು ಕೊಡೋನು ಅಣ್ಣ. ವಾರ ಬಿಟ್ಟು ಬಾ ಅಂದರೆ ಪಕ್ಕದ ಮೇಜಿಗೆ ಹೋಗ್ತಾನೆ.

ವಕೀಲೆ: ಹೋದರೂ ಅವಳ ಕಿವಿಗೆ ವಿಸ್ತೀರ್ಣ, ಬೆಲೆ ಎರಡೂ ಬಿದ್ದಿರುತ್ತೆ.

ಬರಹಗಾರರು: ನಾಳೆ ಒಂದಿದೆ. ಇಬ್ಬರು ಅಕ್ಕತಂಗಿಯರು, ಒಬ್ಬ ಅಣ್ಣ. ಹನ್ನೊಂದೂವರೆಗೆ ಒಳಗೆ ಹೋಗಬೇಕು. ನೀವು ಹತ್ತೂವರೆಗೆ ಬನ್ನಿ, ಷೆಡ್ಯೂಲು ನಾನೇ ಓದ್ತೀನಿ. ಅಣ್ಣನ್ನ ಜೆರಾಕ್ಸ್ ಮಾಡಿಸೋಕೆ ಕಳಿಸಿದರೆ ಕಾಲು ಗಂಟೆ ಸಿಗುತ್ತೆ.

ವಕೀಲೆ: ಬರ್ತೀನಿ. ಅತ್ತಿಗೆಯೂ ಬರ್ತಾಳಾ?

ಬರಹಗಾರರು: ಬಂದೇ ಬರ್ತಾಳೆ. ಅವಳ ಹತ್ತಿರವೂ ಮಾತಾಡಿ. ಅವಳ ತವರಿನ ಬಿಡುಗಡೆ ಪತ್ರವನ್ನ ಹೋದ ವರ್ಷ ನಾನೇ ಬರೆದದ್ದು.